ಉದ್ರಿ ವಹಿಯ ಹಿಂದಿನ ಹಾಳೆಗಳು

ಕಳೆದ ವರ್ಷ ಮೇ ತಿಂಗಳಲ್ಲಿ ಮಸಾಲೆ ಖಾರದ ಕೆಲಸ ಮುಗಿಯುವ ಹೊತ್ತಿಗೆ ನನಗೆ ನೀರಡಿಕೆ ತಡೆಯಲು ಆಗುತ್ತಿರಲಿಲ್ಲ. ಬಿಸಿಲು ಹಂಗಿದೆ, ಮೇಲೆ ದಿನವಿಡೀ ಒಲೆ ಮುಂದೆ ಕೂತು ಹುರಿಯುವ ಕೆಲಸ, ಅದಕ್ಕೇ ಇರಬೇಕು ಅಂದುಕೊಂಡೆ. ಆದರೆ ರಾತ್ರಿ ಮೂರು-ನಾಲ್ಕು ಸಲ ಏಳಬೇಕಾಗುತ್ತಿತ್ತು. ತೂಕವೂ ಇಳಿದಿತ್ತು. ಮಗಳು ಬೆಂಗಳೂರಿನಿಂದ ಬಂದವಳು ನನ್ನ ಮುಖ ನೋಡಿ, ಮರುದಿನವೇ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದಳು.

ನಾವು ಹುಬ್ಬಳ್ಳಿಯಲ್ಲಿ ಉಣಕಲ್ ಕಡೆ ಇರುವವರು. ಹದಿನೆಂಟು ವರ್ಷದಿಂದ ಮನೆಯಲ್ಲೇ ಕಡಕ್ ರೊಟ್ಟಿ ಮಾಡಿ ಮಾರುತ್ತೇನೆ. ಬೇಸಿಗೆ ಬಂತೆಂದರೆ ಮಸಾಲೆ ಖಾರ. ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಮುರಿದು ಮಾಳಿಗೆ ಮೇಲೆ ಒಣಗಿಸಬೇಕು. ಕೊತ್ತಂಬರಿ, ಲವಂಗ, ದಾಲ್ಚಿನ್ನಿ, ಕಲ್ಲುಹೂವು, ಒಣಕೊಬ್ಬರಿ ಎಲ್ಲಾ ಬೇರೆ ಬೇರೆ ಹುರಿದು ಗಿರಣಿಗೆ ಒಯ್ಯಬೇಕು. ದಾಲ್ಚಿನ್ನಿಯನ್ನು ನಾನು ಕಿಲೋ ಲೆಕ್ಕದಲ್ಲಿ ತರುವವಳು. ಆ ಚಕ್ಕೆ ಯಾವ ಮರದ್ದು ಎಂದು ಅಲ್ಲಿಯವರೆಗೆ ಒಂದು ಸಲವೂ ಕೇಳಿರಲಿಲ್ಲ.

ರಿಪೋರ್ಟಿನಲ್ಲಿ ರಕ್ತದ ಸಕ್ಕರೆಯ ಮೂರು ಅಂಕಿ ಇದ್ದವು. ಖಾಲಿ ಹೊಟ್ಟೆಯಲ್ಲಿ 148. ಊಟ ಆದ ಮೇಲೆ 236. ಎಚ್‌ಬಿಎ1ಸಿ 8.1. ಡಾಕ್ಟರ್ ಒಂದು ಚೀಟಿ ಮೇಲೆ ಬರೆದು ತಿಳಿಸಿದರು. ಖಾಲಿ ಹೊಟ್ಟೆಯದು 100ರ ಒಳಗಿದ್ದರೆ ಸರಿ. 100ರಿಂದ 125 ಅಂದರೆ ಗಡಿ ಮೇಲೆ ಇದ್ದಂತೆ. 126 ಮತ್ತು ಮೇಲೆ ಅಂದರೆ ಸಕ್ಕರೆ ಕಾಯಿಲೆ. ಎಚ್‌ಬಿಎ1ಸಿ 6.5 ಮುಟ್ಟಿದರೂ ಸಕ್ಕರೆ ಕಾಯಿಲೆಯೇ. ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕುತ್ತದಂತೆ. ಅಷ್ಟು ದಿನವೂ ರಕ್ತದಲ್ಲಿರುವ ಸಕ್ಕರೆ ಅದಕ್ಕೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಎಷ್ಟು ಅಂಟಿದೆ ಎಂದು ತೋರಿಸುವುದೇ ಎಚ್‌ಬಿಎ1ಸಿ. ಅದರಿಂದ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಗೊತ್ತಾಗುತ್ತದೆ. ನನ್ನ 8.1 ಅಂದರೆ ಹಗಲು ರಾತ್ರಿ ಸೇರಿ ಸರಾಸರಿ 186ರ ಸುತ್ತ.

ಮೆಟ್‌ಫಾರ್ಮಿನ್ ಗುಳಿಗೆ ಬರೆದುಕೊಟ್ಟರು. ಮನೆಯಲ್ಲೇ ನೋಡಿಕೊಳ್ಳಲು, ಒಂದು ಹನಿ ರಕ್ತದಲ್ಲಿ ಸಕ್ಕರೆ ಅಳೆಯುವ ಗ್ಲೂಕೋಮೀಟರ್ ತಗೊಳ್ಳಿ ಅಂದರು. ಖಾಲಿ ಹೊಟ್ಟೆಯಲ್ಲಿ 80ರಿಂದ 130ರ ನಡುವೆ, ಊಟದ ಎರಡು ತಾಸಿನ ಮೇಲೆ 180ರ ಒಳಗೆ. ಇದು ನನಗೆ ಅವರು ಹಾಕಿಕೊಟ್ಟ ಗೆರೆ.

ಮನೆಗೆ ಬಂದ ಸಂಜೆಯೇ ಎದುರು ಮನೆ ಅಕ್ಕ ಬಂದರು. ಅವರಿಗೆ ಆರು ವರ್ಷದಿಂದ ಶುಗರ್ ಇದೆ. "ದಾಲ್ಚಿನ್ನಿ ಪುಡಿ ಒಂದು ಚಮಚ ಬಿಸಿನೀರಾಗ ಹಾಕಿ ಮುಂಜಾನೆ ಕುಡಿ. ನಾನೂ ಸುರು ಮಾಡೀನಿ. ನಿನ್ನ ಮನ್ಯಾಗಂತೂ ಅದಕ್ಕೇನು ಕಡಿಮಿ ಇಲ್ಲ" ಅಂದರು. ಮರುದಿನದಿಂದಲೇ ಕುಡಿಯಲು ಶುರು ಮಾಡಿದೆ. ಐದನೇ ದಿನ ಮುಂಜಾನೆ ಮೀಟರ್ 132 ತೋರಿಸಿತು. 148ರಿಂದ 132! ಒಲೆ ಮೇಲೆ ಹಾಲು ಇಟ್ಟಿದ್ದನ್ನೂ ಮರೆತು ಎದುರು ಮನೆಗೆ ಓಡಿದೆ. "ಅಕ್ಕಾ, ನಿಮ್ಮ ಔಷಧ ಹತ್ತೇತಿ ನೋಡ್ರಿ" ಅಂದೆ.

ಆರನೇ ದಿನ 158 ಬಂತು.

ಅದೇ ಮನೆ, ಅದೇ ಚಮಚ, ಅದೇ ನೀರು. ಒಂದು ದಿನ 132, ಮರುದಿನ 158. ಯಾವುದು ಖರೆ? ಅವತ್ತಿನಿಂದ ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿಕೊಳ್ಳಲು ಶುರು ಮಾಡಿದೆ. ರಕ್ತದ ಹನಿ ಮುಟ್ಟಿಸಿ ಮೀಟರಿಗೆ ಹಾಕುವ ಒಂದೊಂದು ಪಟ್ಟಿಗೆ ಹದಿನೈದು-ಇಪ್ಪತ್ತು ರೂಪಾಯಿ. ಅಂಕಿ ಜಾಸ್ತಿ ಬಂದರೆ ಊಟ ಸೇರುತ್ತಿರಲಿಲ್ಲ, ಕಡಿಮೆ ಬಂದರೆ ಒಂದು ಹೋಳು ಹಣ್ಣು ಹೆಚ್ಚು ತಿನ್ನುತ್ತಿದ್ದೆ. ಹದಿನೈದು ದಿನದಲ್ಲಿ ಎರಡು ಡಬ್ಬಿ ಪಟ್ಟಿ ಖಾಲಿಯಾದವು. ಆದರೆ ತಿಳಿದದ್ದು ಏನೂ ಇರಲಿಲ್ಲ.

ಚುಚ್ಚಿಕೊಳ್ಳುವುದೂ ನನಗೆ ಸುಲಭ ಇರಲಿಲ್ಲ. ರೊಟ್ಟಿ ಬಡಿದು, ಕಾದ ಹಂಚಿನ ಮೇಲೆ ಬರಿಗೈಯಿಂದ ಮಗುಚಿ, ನನ್ನ ಬೆರಳ ತುದಿ ಗಟ್ಟಿಯಾಗಿವೆ. ಸೂಜಿ ಚುಚ್ಚಿದರೆ ರಕ್ತವೇ ಬರುತ್ತಿರಲಿಲ್ಲ. ಹಿಂಡಿ ಹಿಂಡಿ ತೆಗೆಯುತ್ತಿದ್ದೆ. ಹಾಗೆ ಹಿಂಡಬಾರದು, ಹಿಂಡಿದರೆ ರಕ್ತದ ಜೊತೆ ಒಳಗಿನ ನೀರೂ ಬೆರೆಯುತ್ತದೆ ಎಂದು ಡಾಕ್ಟರ ಹತ್ತಿರ ಇದ್ದ ನರ್ಸ್ ಹೇಳಿಕೊಟ್ಟರು. ಬೆಚ್ಚಗಿನ ನೀರಲ್ಲಿ ಕೈ ತೊಳೆದು, ಪೂರ್ತಿ ಒರೆಸಿ, ಕೈ ಸ್ವಲ್ಪ ಹೊತ್ತು ಕೆಳಗೆ ಬಿಟ್ಟುಕೊಂಡು ನಿಲ್ಲಬೇಕು. ಆಮೇಲೆ ಉಂಗುರ ಬೆರಳಿನ ನಡು ತುದಿ ಬಿಟ್ಟು ಪಕ್ಕಕ್ಕೆ ಚುಚ್ಚಬೇಕು. ಅಲ್ಲಿ ಚರ್ಮ ತೆಳು, ನೋವೂ ಕಡಿಮೆ. ಸಾಸಿವೆಗಿಂತ ಸಣ್ಣ ಹನಿ ಮೂಡಿದರೆ ಸಾಕು. ಪಟ್ಟಿಯ ಅಂಚು ಮುಟ್ಟಿಸಿದ ಕೂಡಲೇ ತಾನೇ ಎಳೆದುಕೊಳ್ಳುತ್ತದೆ.

ಕೈ ತೊಳೆಯುವುದು ಎಷ್ಟು ಮುಖ್ಯ ಎಂದು ನನಗೆ ಒಂದು ಆಪೂಸ್ ಮಾವಿನಹಣ್ಣು ಕಲಿಸಿತು. ಮೊಮ್ಮಗನಿಗೆ ಹಣ್ಣು ಹೆಚ್ಚಿ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು ಚುಚ್ಚಿದೆ. 243! ನಾನು ಒಂದು ಹೋಳೂ ತಿಂದಿರಲಿಲ್ಲ. ಎದೆ ಡವಡವ ಅನ್ನತೊಡಗಿತು. ಮಗಳು ಕೈ ತೊಳೆಸಿ ಇನ್ನೊಂದು ಬೆರಳು ಚುಚ್ಚಿದಳು. 169. ಮೊದಲ ಅಂಕಿಯಲ್ಲಿ ಹಣ್ಣಿನ ಸಕ್ಕರೆಯೂ ಸೇರಿತ್ತು.

ಇನ್ನೊಂದು ದಿನ ಕೈ ಚೆನ್ನಾಗಿ ತೊಳೆದು, ಒಂದೇ ಹನಿಯಿಂದ ಎರಡು ಪಟ್ಟಿ ಹಾಕಿ ನೋಡಿದೆ. ಒಂದು 151, ಇನ್ನೊಂದು 139. ಮೀಟರ್ ಕೆಟ್ಟಿದೆ ಎಂದು ಡಾಕ್ಟರ ಹತ್ತಿರ ಒಯ್ದೆ. ಅವರು, "ಅಕ್ಕಾರ, ಇದು ಬಂಗಾರ ತೂಗೋ ತಕ್ಕಡಿ ಅಲ್ರಿ" ಅಂದರು. ಮನೆ ಮೀಟರುಗಳಿಗೆ ಇರುವ ಅಂತರರಾಷ್ಟ್ರೀಯ ನಿಯಮವೇ ಹಾಗಿದೆಯಂತೆ. 100ರ ಮೇಲಿನ ಅಂಕಿಗಳಲ್ಲಿ ಲ್ಯಾಬಿನ ಅಂಕಿಗಿಂತ ಶೇಕಡಾ 15ರಷ್ಟು ಮೇಲೆ ಕೆಳಗೆ ಆಗಬಹುದು. ನೂರು ಸಲದಲ್ಲಿ 95 ಸಲ ಅದರೊಳಗೆ ಬಂದರೆ ಮೀಟರ್ ಪಾಸು. ಹಾಗಾದರೆ ನಿಜದಲ್ಲಿ 145 ಇದ್ದಾಗ ನನ್ನ ಮೀಟರ್ 124 ತೋರಿಸಿದರೂ ಸರಿ, 166 ತೋರಿಸಿದರೂ ಸರಿ. ನಾನು ಕುಣಿದಾಡಿದ 132, ಅತ್ತ 158, ಎರಡೂ ಇದರ ಹೊಟ್ಟೆಯೊಳಗೇ ಇದ್ದವು.

ಪಟ್ಟಿಯ ಡಬ್ಬಿಯನ್ನು ನಾನು ಒಲೆ ಪಕ್ಕದ ಗೂಡಿನಲ್ಲಿ, ಕೆಲವೊಮ್ಮೆ ಮುಚ್ಚಳ ಸಡಿಲ ಬಿಟ್ಟು ಇಡುತ್ತಿದ್ದೆ. ಅದೂ ತಪ್ಪು. ಕಾವಿಗೆ, ಹಬೆಗೆ ಪಟ್ಟಿ ಕೆಡುತ್ತವೆ. ಈಗ ಕಪಾಟಿನಲ್ಲಿ, ಬಟ್ಟೆ ಪಕ್ಕ ಇಡುತ್ತೇನೆ.

ನನ್ನನ್ನು ತುಂಬಾ ಕಾಡಿದ್ದು ಮಾತ್ರ ಮುಂಜಾನೆಯ ಅಂಕಿ. ರಾತ್ರಿ ಮಲಗುವಾಗ 128. ನಡುವೆ ಒಂದು ತುತ್ತು ತಿಂದಿಲ್ಲ. ಬೆಳಿಗ್ಗೆ ಆರಕ್ಕೆ 149. ಎಲ್ಲಿಂದ ಬಂತು ಈ ಸಕ್ಕರೆ? ಲಿವರಿನಿಂದ ಅಂದರು ಡಾಕ್ಟರ್. ನಸುಕಿನಲ್ಲಿ ದೇಹ ಏಳಲು ತಯಾರಾಗುವಾಗ ಕೆಲವು ಹಾರ್ಮೋನುಗಳು ಹೆಚ್ಚಾಗುತ್ತವೆ. ಅವು ಲಿವರಿಗೆ, ಇಟ್ಟುಕೊಂಡ ಸಕ್ಕರೆ ಬಿಡು ಅನ್ನುತ್ತವೆ. ಆರೋಗ್ಯವಂತರಲ್ಲಿ ಇನ್ಸುಲಿನ್ ಅದನ್ನು ಸಂಭಾಳಿಸುತ್ತದೆ, ನಮ್ಮಂಥವರಲ್ಲಿ ಆಗುವುದಿಲ್ಲ. ಇದನ್ನು ಕೇಳಿ ನನಗೆ ಎಷ್ಟು ಹಗುರಾಯಿತು ಎಂದರೆ ಹೇಳತೀರದು. ಅಲ್ಲಿಯವರೆಗೆ ಪ್ರತಿ ಮುಂಜಾನೆ, ನಿನ್ನೆ ಏನು ತಪ್ಪು ತಿಂದೆ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಅವರು ಇನ್ನೊಂದು ಮಾತು ಹೇಳಿದರು. "ಬರೇ ಅಂಕಿ ಬರೀಬ್ಯಾಡ್ರಿ. ಅದರ ಹಿಂದ ಏನಾತು ಅದನ್ನೂ ಬರೀರಿ." ಬರೆಯುವುದು ನನಗೆ ಹೊಸದಲ್ಲ. ರೊಟ್ಟಿಯ ಉದ್ರಿ ಬರೆಯುವ ಉದ್ದನೆಯ ವಹಿ ಇದೆ. ಅದನ್ನೇ ತಿರುವಿ ಹಾಕಿ ಹಿಂದಿನ ಹಾಳೆಗಳಲ್ಲಿ ಗೆರೆ ಎಳೆದೆ. ತಾರೀಖು. ಏನು ಉಂಡೆ, ಎಷ್ಟು. ಮೊದಲ ತುತ್ತು ಎಷ್ಟು ಹೊತ್ತಿಗೆ. ನಡೆದೆನೋ ಇಲ್ಲವೋ. ನಿದ್ದೆ ಹೇಗಾಯಿತು. ಕೊನೆಗೆ ಅಂಕಿ.

ಮೊದಲ ತುತ್ತಿನ ಹೊತ್ತು ಬರೆಯಲು ಕಾರಣವಿದೆ. ಊಟದ ಎರಡು ತಾಸು ಅಂದರೆ ಕೈ ತೊಳೆದ ಮೇಲಿನ ಎರಡು ತಾಸು ಎಂದು ನಾನು ತಿಳಿದಿದ್ದೆ. ಅಲ್ಲ, ಉಣ್ಣಲು ಶುರು ಮಾಡಿದ ಹೊತ್ತಿನಿಂದ ಎಣಿಸಬೇಕು. ಗಿರಾಕಿ ಬಂದರೆ ಎದ್ದು ಹೋಗಿ, ಮತ್ತೆ ಬಂದು ಕೂತು, ನನ್ನ ಊಟ ಮುಕ್ಕಾಲು ತಾಸು ಎಳೆಯುತ್ತಿತ್ತು. ಅಷ್ಟು ಹೊತ್ತಿನ ಫರಕು ಅಂಕಿಯಲ್ಲೂ ಬರುತ್ತಿತ್ತು.

ಇನ್ನು ದಿನಕ್ಕೆ ನಾಲ್ಕು ಸಲ ಸುಮ್ನೆ ಚುಚ್ಚುವುದನ್ನು ಬಿಟ್ಟೆ. ಮುಂಜಾನೆ ಒಂದು ಸಲ. ಆಮೇಲೆ ವಾರಕ್ಕೆ ಮೂರು ದಿನ, ಯಾವುದಾದರೂ ಒಂದು ಊಟದ ಮೊದಲು ಮತ್ತು ಎರಡು ತಾಸಿನ ಮೇಲೆ. ಆಗ ಹಾಳೆಗಳು ಮಾತಾಡಲು ಶುರು ಮಾಡಿದವು. ಎರಡು ರೊಟ್ಟಿ, ಮಡಕಿ ಕಾಳಿನ ಪಲ್ಯ, ಸೌತೆಕಾಯಿ, ಮಜ್ಜಿಗೆ: 126 ಇದ್ದದ್ದು 171. ಅನ್ನ, ಸಾರು, ಹಪ್ಪಳ: 129 ಇದ್ದದ್ದು 224. ಸಂಜೆ ಒಂದು ಪ್ಲೇಟ್ ಗಿರ್ಮಿಟ್, ಅಂದರೆ ಮಸಾಲೆ ಕಲಸಿದ ಚುರುಮುರಿ: 131 ಇದ್ದದ್ದು 219. ಚುರುಮುರಿ ಕೈಗೆ ಹಗುರ, ಆದರೆ ರಕ್ತಕ್ಕೆ ಬಹಳ ಬೇಗ ಸೇರುತ್ತದೆ.

ರೊಟ್ಟಿ ಮೇಲೆ ನನಗಿದ್ದ ಒಂದು ನಂಬಿಕೆಯೂ ಸಡಿಲಾಯಿತು. ಜೋಳದ ರೊಟ್ಟಿ ಶುಗರ್‌ಗೆ ಒಳ್ಳೆಯದು, ಎಷ್ಟು ತಿಂದರೂ ನಡೆಯುತ್ತದೆ ಎಂದು ನನ್ನ ಗಿರಾಕಿಗಳಿಗೂ ಹೇಳುತ್ತಿದ್ದೆ. ನಾಲ್ಕು ರೊಟ್ಟಿ ಉಂಡ ದಿನ 228 ಬಂತು. ಹಿಟ್ಟು ತೂಗಿ ನೋಡಿದೆ. ನನ್ನ ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಬೇಕು. ಜೋಳದ ಹಿಟ್ಟಿನಲ್ಲಿ ನೂರು ಗ್ರಾಂಗೆ ಹೆಚ್ಚುಕಡಿಮೆ 70 ಗ್ರಾಂ ಪಿಷ್ಟವೇ. ಅಂದರೆ ನಾಲ್ಕು ರೊಟ್ಟಿಯಲ್ಲಿ 140 ಗ್ರಾಂ. ಈಗ ಕೇಳಿದವರಿಗೆ ಎರಡು ರೊಟ್ಟಿ, ತಟ್ಟೆ ತುಂಬ ಪಲ್ಯ ಎಂದೇ ಹೇಳುತ್ತೇನೆ. ಮಾರಾಟ ಕಡಿಮೆಯಾದರೂ ಚಿಂತೆಯಿಲ್ಲ.

ದಾಲ್ಚಿನ್ನಿ ಕಥೆ ಬಿಚ್ಚಿಕೊಂಡದ್ದು ಜೂನ್ ಕೊನೆಯಲ್ಲಿ. ಮಗಳು ಮತ್ತೆ ಬರುವಾಗ ಒಂದು ಸಣ್ಣ ಪೊಟ್ಟಣ ತಂದಿದ್ದಳು. "ಅವ್ವಾ, ನೀ ಕುಡಿಯೋದು ಯಾವ ದಾಲ್ಚಿನ್ನಿ?" ಅಂತ ಕೇಳಿದಳು. ಯಾವುದು ಅಂದರೇನು? ದಾಲ್ಚಿನ್ನಿ ಅಂದರೆ ದಾಲ್ಚಿನ್ನಿ. ಅವಳು ಸ್ಟೀಲ್ ತಟ್ಟೆಯಲ್ಲಿ ನನ್ನ ಡಬ್ಬಿಯ ಚಕ್ಕೆಯನ್ನೂ ತಾನು ತಂದದ್ದನ್ನೂ ಪಕ್ಕ ಪಕ್ಕ ಇಟ್ಟಳು.

ನನ್ನದು ದಪ್ಪ. ಕೆಂಪು ಮಿಶ್ರಿತ ಗಾಢ ಕಂದು. ಒಂದೇ ಪದರ, ಎರಡೂ ಅಂಚು ಒಳಗೆ ಸುತ್ತಿಕೊಂಡು ನಡುವೆ ಟೊಳ್ಳು. ಬೆರಳಲ್ಲಿ ಮುರಿಯಲು ನೋಡಿದೆ, ಆಗಲಿಲ್ಲ. ಒರಳಲ್ಲಿ ಹಾಕಿ ಜಜ್ಜಿದಾಗ ಕಟ್ಟಿಗೆ ಸಿಗಿದ ಸಪ್ಪಳ. ನಾಲಿಗೆಗೆ ಇಟ್ಟರೆ ಚುರುಕ್ ಅನ್ನುವ ಖಾರ. ಅವಳು ತಂದದ್ದು ಒಣಗಿದ ಬಾಳೆಲೆಯ ಬಣ್ಣ. ಕಾಗದದಷ್ಟು ತೆಳುವಾದ ಪದರಗಳು ಒಂದರೊಳಗೊಂದು ಸುರುಳಿ ಸುತ್ತಿ, ಬೀಡಿಯ ಹಾಗೆ ಒಳಗೆಲ್ಲಾ ತುಂಬಿಕೊಂಡಿವೆ. ಎರಡು ಬೆರಳಲ್ಲಿ ಒತ್ತಿದರೆ ನಮ್ಮ ಕಡಕ್ ರೊಟ್ಟಿಯಂತೆ ಪುಡಿಯಾಯಿತು. ವಾಸನೆ ಮೆತ್ತಗೆ, ರುಚಿ ಸಿಹಿ. ಇದು ಶ್ರೀಲಂಕಾದ್ದು, ಸಿಲೋನ್ ದಾಲ್ಚಿನ್ನಿ. ನನ್ನದು ಕ್ಯಾಸಿಯಾ. ಚೀನಾ, ವಿಯೆಟ್ನಾಂ, ಇಂಡೋನೇಷ್ಯಾದಿಂದ ಬರುವ ಬೇರೆ ಜಾತಿಯ ಮರದ ತೊಗಟೆ. ನಮ್ಮ ದೇಶದ ಆಹಾರ ನಿಯಮದಲ್ಲೂ ಎರಡಕ್ಕೂ ಬೇರೆ ಹೆಸರಿದೆ. ಸಿಲೋನಿನದು ದಾಲ್ಚಿನ್ನಿ, ಕ್ಯಾಸಿಯಾ ಅಂದರೆ ತಾಜ್. ಪುಡಿ ಮಾಡಿದ ಮೇಲೆ ಕಣ್ಣಲ್ಲಿ ನೋಡಿ ಬೇರೆ ಮಾಡುವುದು ಕಷ್ಟ. ಆದ್ದರಿಂದ ಚಕ್ಕೆಯನ್ನೇ ಕೊಳ್ಳುವುದು ಒಳ್ಳೆಯದು.

ದುರ್ಗದ ಬೈಲಿಗೆ ಹೋಗಿ ನಾನು ಯಾವಾಗಲೂ ಕೊಳ್ಳುವ ಅಂಗಡಿಯ ಕಾಕಾನನ್ನು ಕೇಳಿದೆ. "ಅದು ಪಾತಳ ಚಕ್ಕಿ ಬ್ಯಾರೆ ಐತ್ರಿ ಅಕ್ಕಾರ, ತುಟ್ಟಿ. ಕೇಳೋರು ಇಲ್ಲ, ತರಿಸೂದಿಲ್ಲ" ಅಂದರು. ಅವರು ಮುಚ್ಚಿಡಲಿಲ್ಲ. ಕೇಳದೇ ಇದ್ದವಳು ನಾನು.

ಬೆಲೆಯಲ್ಲಿ ಫರಕು ಇದ್ದರೆ ಇರಲಿ. ಮಗಳಿಗೆ ಕಳವಳ ಇದ್ದದ್ದು ಕೂಮರಿನ್ ಎಂಬ ವಸ್ತುವಿನ ಬಗ್ಗೆ. ಕ್ಯಾಸಿಯಾದಲ್ಲಿ ಅದು ಜಾಸ್ತಿ, ಸಿಲೋನಿನಲ್ಲಿ ತೀರಾ ಅತ್ಯಲ್ಪ. ದಿನಾ ಹೆಚ್ಚು ಹೋದರೆ ಕೆಲವರ ಲಿವರಿಗೆ ಪೆಟ್ಟು ಬೀಳುತ್ತದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹಾಕಿದ ಮಿತಿ, ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ. ಜರ್ಮನಿಯ ಸರ್ಕಾರಿ ಸಂಸ್ಥೆಯ ಲೆಕ್ಕದಲ್ಲಿ ಒಂದು ಗ್ರಾಂ ಕ್ಯಾಸಿಯಾ ಪುಡಿಗೆ ಸರಾಸರಿ 3 ಮಿಲಿಗ್ರಾಂ ಕೂಮರಿನ್. ಖಾರ ತೂಗುವ ನನ್ನ ಸಣ್ಣ ತಕ್ಕಡಿ ತಂದೆ. ನಾನು ದಿನಾ ಹಾಕಿಕೊಳ್ಳುತ್ತಿದ್ದ ತುಂಬು ಚಮಚ ತೂಗಿದೆ. 3 ಗ್ರಾಂ. ಅಂದರೆ 9 ಮಿಲಿಗ್ರಾಂ. ನನ್ನ ತೂಕ 58 ಕಿಲೋ, ಮಿತಿ 5.8. ಒಂದೂವರೆ ಪಟ್ಟು ದಾಟಿ, ಏಳು ವಾರ ಕುಡಿದಿದ್ದೆ.

ಮರುದಿನವೇ ಡಾಕ್ಟರ ಮುಂದೆ ಹೇಳಿಕೊಂಡೆ. ಅವರು ಬೈಯಲಿಲ್ಲ. ಲಿವರ್ ಪರೀಕ್ಷೆ ಮಾಡಿಸಿದರು, ಸರಿಯಿತ್ತು. ದೇವರು ದೊಡ್ಡವನು. ಅಡುಗೆಗೆ, ಖಾರಕ್ಕೆ ಹಾಕುವ ಚಕ್ಕೆಯಿಂದ ಭಯವಿಲ್ಲ, ಚಮಚಗಟ್ಟಲೆ ದಿನಾ ಕುಡಿಯುವುದು ಬೇಡ ಅಂದರು. ಮಸಾಲೆ ಖಾರಕ್ಕೆ ನಾನು ಇವತ್ತಿಗೂ ಕ್ಯಾಸಿಯಾವನ್ನೇ ಹಾಕುತ್ತೇನೆ. ಆ ಚುರುಕು ಸಿಲೋನಿನಲ್ಲಿ ಬರುವುದಿಲ್ಲ.

"ಹಂಗಾದ್ರ ಇದರಿಂದ ಶುಗರ್ ಇಳೀತದೋ ಇಲ್ಲೋ?" ಎಂದು ಕೇಳಿದೆ. 2003ರಲ್ಲಿ ಹೊರಬಂದ, ಪಾಕಿಸ್ತಾನದಲ್ಲಿ 60 ಜನರ ಮೇಲೆ 40 ದಿನ ನಡೆದ ಅಧ್ಯಯನದಲ್ಲಿ ಚೆನ್ನಾಗಿ ಇಳಿದಿತ್ತಂತೆ. ಅದರಿಂದಲೇ ಇದರ ಹೆಸರು ಇಷ್ಟು ಹಬ್ಬಿದ್ದು. ಅಲ್ಲಿ ಕೊಟ್ಟದ್ದೂ ಕ್ಯಾಸಿಯಾವೇ. ಆಮೇಲೆ 2012ರಲ್ಲಿ ಕಾಕ್ರೇನ್ ಸಂಸ್ಥೆಯವರು ಹತ್ತು ಪರೀಕ್ಷೆಗಳನ್ನು, 577 ಜನರ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದರು. ಶುಗರ್‌ಗೆ ಔಷಧ ಎಂದು ಹೇಳುವಷ್ಟು ಆಧಾರ ಸಿಗಲಿಲ್ಲ. ಎಚ್‌ಬಿಎ1ಸಿಯಲ್ಲಿ ಹೇಳಿಕೊಳ್ಳುವಂಥ ಫರಕು ಕಾಣಲಿಲ್ಲ.

ನನ್ನ ವಹಿಯಲ್ಲೂ ನೋಡಬೇಕು ಅನಿಸಿತು. ಡಾಕ್ಟರ್ ಒಪ್ಪಿದರು. ಒಂದೇ ಶರತ್ತು: ಬೇರೆ ಏನನ್ನೂ ಬದಲಿಸಬಾರದು. ಜುಲೈಯಿಂದ ಎರಡು ವಾರ ಕ್ಯಾಸಿಯಾ, ಒಂದೇ ಗ್ರಾಂ. ಎರಡು ವಾರ ಏನೂ ಇಲ್ಲ. ಎರಡು ವಾರ ಸಿಲೋನ್, ಒಂದು ಗ್ರಾಂ. ಗುಳಿಗೆ, ಊಟ, ನಡಿಗೆ ಎಲ್ಲಾ ಅದೇ. ಮುಂಜಾನೆ ಆರಕ್ಕೇ ಚುಚ್ಚುವುದು. ಮುಗಿದ ಮೇಲೆ ಹದಿನಾಲ್ಕು ಹದಿನಾಲ್ಕು ಅಂಕಿ ಕೂಡಿಸಿ ಭಾಗಿಸಿದೆ. ಕ್ಯಾಸಿಯಾ ಇದ್ದಾಗ 134. ಏನೂ ಇಲ್ಲದಾಗ 132. ಸಿಲೋನ್ ಇದ್ದಾಗ 133. ಒಬ್ಬಳ ಲೆಕ್ಕದಿಂದ ಊರಿಗೆಲ್ಲಾ ಹೇಳಲು ಬರುವುದಿಲ್ಲ. ಆದರೆ ನನ್ನ ಮೈಗೆ ಅಷ್ಟೇ ಉತ್ತರ ಸಾಕಾಯಿತು.

ಫರಕು ಕಂಡದ್ದು ಬೇರೆ ಕಡೆ. ರಾತ್ರಿ ಊಟವನ್ನು ಒಂಬತ್ತೂವರೆಯಿಂದ ಏಳೂವರೆಗೆ ತಂದೆ. ಉಂಡ ಮೇಲೆ ಉಣಕಲ್ ಕೆರೆ ಕಡೆಗೆ ಇಪ್ಪತ್ತು ನಿಮಿಷ ನಡಿಗೆ. ಅದೇ ಅನ್ನ-ಸಾರು ಉಂಡು ನಡೆದ ದಿನಗಳಲ್ಲಿ 175ರಿಂದ 185ರ ಒಳಗೆ ಬಂತು. ನಾಲ್ಕು ಸಲ ನೋಡಿದೆ, ನಾಲ್ಕು ಸಲವೂ. ಆಗಸ್ಟ್ ಕೊನೆಗೆ ಎಚ್‌ಬಿಎ1ಸಿ 7.0. ನನ್ನ ಹಿಮೋಗ್ಲೋಬಿನ್ ಮಾತ್ರ ಕಡಿಮೆ, 9.6 ಇತ್ತು. ಕಬ್ಬಿಣಾಂಶ ಕಡಿಮೆ ಇದ್ದರೆ ಎಚ್‌ಬಿಎ1ಸಿ ಸ್ವಲ್ಪ ಹೆಚ್ಚೇ ತೋರಿಸಬಹುದಂತೆ. ಆದ್ದರಿಂದ ಅದಕ್ಕೂ ಗುಳಿಗೆ ಕೊಟ್ಟು, ವಹಿಯನ್ನೂ ಪಕ್ಕಕ್ಕಿಟ್ಟುಕೊಂಡೇ ನೋಡಿದರು.

ಚೌತಿ ಮುಗಿದ ವಾರ ಎದುರು ಮನೆ ಅಕ್ಕ ಬಂದು ಕೂತರು. ಕಾಲು ಜುಮು ಜುಮು ಅನ್ನುತ್ತವೆ, ಕಣ್ಣು ಮಂಜು ಅಂದರು. ಕೈ ತೊಳೆಸಿ ನನ್ನ ಮೀಟರಿನಲ್ಲಿ ನೋಡಿದೆ. 318. ಇನ್ನೊಂದು ಬೆರಳು ಚುಚ್ಚಿದೆ. 309.

"ಅಕ್ಕಾ, ಗುಳಿಗಿ ತಗೊಂತೀರಿಲ್ಲೋ?"

"ಬಿಟ್ಟು ನಾಕು ತಿಂಗಳಾತು. ದಾಲ್ಚಿನ್ನಿ ಕುಡೀತೀನಲ್ಲ. ನೀನ ಬಂದು ಹೇಳಿದ್ದೆಲ್ಲ ಅವತ್ತು, ಔಷಧ ಹತ್ತೇತಿ ಅಂತ."

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಒಂದು ಮುಂಜಾನೆಯ 132. ಅದರ ಹಿಂದಿನ ರಾತ್ರಿ ನಾನು ಬರೀ ಮಜ್ಜಿಗೆ ಕುಡಿದು ಮಲಗಿದ್ದೆ. ಗುಳಿಗೆ ಶುರುವಾಗಿ ಐದನೇ ದಿನ ಅದು. ಅದ್ಯಾವುದನ್ನೂ ನಾನು ಅವರಿಗೆ ಹೇಳಿರಲಿಲ್ಲ, ನನಗೇ ಗೊತ್ತಿರಲಿಲ್ಲ. ಅಂಕಿಯನ್ನಷ್ಟೇ ಹೊತ್ತುಕೊಂಡು ಓಡಿದ್ದೆ.

ಮರುದಿನ ಮುಂಜಾನೆ ರೊಟ್ಟಿ ಒಲೆ ಹಚ್ಚಲಿಲ್ಲ. ಅಕ್ಕನನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋದೆ. ಗುಳಿಗೆ ಮತ್ತೆ ಶುರುವಾಯಿತು, ಕಣ್ಣು, ಕಿಡ್ನಿ, ಕಾಲು ಎಲ್ಲಾ ಪರೀಕ್ಷೆಗೆ ಬರೆದರು. ಬರುವಾಗ ದಾರಿಯಲ್ಲಿ ಉದ್ದನೆಯ ವಹಿ ಒಂದು ಕೊಂಡೆ. ಅಕ್ಕನಿಗೆ ಓದಲು ಬರುತ್ತದೆ, ಬರೆಯುವುದು ಕಷ್ಟ. ಅವರ ಮನೆ ಕಟ್ಟೆ ಮೇಲೆ ಕೂತು ಗೆರೆ ಎಳೆದು, ಮೊದಲ ಸಾಲು ನಾನೇ ಬರೆದೆ: ಮುಂಜಾನೆ 6, ಕೈ ತೊಳೆದದ್ದು ಹೌದು, ರಾತ್ರಿ ಒಂದೂವರೆ ರೊಟ್ಟಿ ಮತ್ತು ಹೀರೆಕಾಯಿ ಪಲ್ಯ, ಗುಳಿಗೆ ನಿನ್ನೆ ಇಲ್ಲ ಇವತ್ತಿನಿಂದ ಇದೆ, 287.